ತೂಬಿಗೆ ಬಾಗಿಲಿಲ್ಲ

ಉಸುಕಿನಹಾಳ, ಮರಳು ಶಕೆ ೨೧೪, ಗಾಳಿ ತಿಂಗಳ ನಲವತ್ತೊಂದನೆಯ ದಿನ.

ಇನ್ನೂ ಹುಟ್ಟದ ನಮ್ಮ ಮರಿಮಕ್ಕಳಿಗೆ ತೂಬು ಕಾಯುವ ಫಕೀರವ್ವ ಮಾಡುವ ಆಶೀರ್ವಾದ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನನ್ನ ಮುತ್ತಜ್ಜಿ ಆಡುತ್ತಿದ್ದ ‘ಮಳೆಗಾಲ’ ಎಂಬ ಮಾತು ನನಗೂ ಹಾಗೆಯೇ ಕೇಳಿಸುತ್ತದೆ. ಇಡೀ ಕಾಲವೇ ಮಳೆಯದ್ದಾಗಿತ್ತಂತೆ, ನಂಬಿದವರುಂಟೆ?

ಒಂದು ಕಾಲಕ್ಕೆ ಜೋಳ ಬೆಳೆದಿದ್ದ ಈ ಎರೆ ನೆಲ ಈಗ ಮರಳುಗಾಡು. ನಾವು ಕುಡಿಯುವುದು ಹನಿಮನೆಯ ನೀರು; ಹನಿಮನೆ ಎಂದರೆ ಬಲೆ ಕಟ್ಟಿ ಇಬ್ಬನಿ ಹಿಡಿಯುವ ಚಪ್ಪರ. ಪಾತ್ರೆ ತಿಕ್ಕುವುದು ಉಸುಕಿನಲ್ಲಿ, ಮುಖ ತೊಳೆದ ನೀರು ಆಡುಗಳಿಗೆ. ಇಂಥ ಊರಿನ ಮೇಲ್ಗಡೆ ಒಂದು ಅಣೆಕಟ್ಟು ಇದೆ, ಅದು ಸದಾ ಖಾಲಿ. ದೂರದ ಗುಡ್ಡಗಳಲ್ಲಿ ಮೋಡ ಒಡೆದಾಗ ಒಮ್ಮೆಲೇ ನುಗ್ಗಿ ಬರುವ ಪ್ರವಾಹವನ್ನು ನಾವು ಹುಚ್ಚುಹೊಳೆ ಎನ್ನುತ್ತೇವೆ. ಕಟ್ಟೆ ಅದನ್ನು ತಡೆದು, ಬಾಗಿಲೇ ಇಲ್ಲದ ತೂಬಿನಿಂದ ಮೆಲ್ಲಗೆ ಹೊರಗೆ ಬಿಡುತ್ತದೆ. ಆ ದಿನ ಊರೆಲ್ಲ ಹೋಗಿ, ಒಬ್ಬೊಬ್ಬರು ಒಂದೊಂದು ಬೊಗಸೆ ಕುಡಿದು, ಉಳಿದದ್ದೆಲ್ಲ ಮರಳಿನ ಪಾಲಾಗುವುದನ್ನು ನಿಂತು ನೋಡುತ್ತೇವೆ. ಕೊಡ ತರುವಂತಿಲ್ಲ. ಇವತ್ತು ಕೊಡ ತಂದವರು ನಾಳೆ ತೂಬು ಮುಚ್ಚೋಣ ಎನ್ನುತ್ತಾರೆ. ನೋಡುವಾಗ ಹೊಟ್ಟೆ ಉರಿಯುತ್ತದೆ, ಸುಳ್ಳು ಹೇಳುವುದಿಲ್ಲ.

ನನ್ನ ಅತ್ತೆ ಸಣ್ಣವಳಿದ್ದಾಗ ಊರವರು ಆಸೆ ತಡೆಯಲಾರದೆ ತೂಬಿಗೆ ಕಲ್ಲು, ಕಂಬಳಿ ತುರುಕಿದರು. ತುಂಬಿದ ಕಟ್ಟೆ ನೋಡಿ ಹಬ್ಬ ಮಾಡಿದರು. ವಾರ ಕಳೆಯುವಷ್ಟರಲ್ಲಿ ಇನ್ನೊಂದು ಹುಚ್ಚುಹೊಳೆ ಬಂತು. ಹಿಡಿಯಲು ಜಾಗವಿರಲಿಲ್ಲ; ಕಟ್ಟೆಯ ಮೇಲೆ ಹಾದು, ಕೆಳಗಿನ ಓಣಿಯನ್ನು ಮನುಷ್ಯರ ಸಮೇತ ಒಯ್ದಿತು. ಅತ್ತೆಯ ತಾಯಿ ಸಿಗಲೇ ಇಲ್ಲ.

ಈಗ ಪಟ್ಟಣದ ನೀರುಮಂಡಳಿ ತೂಬಿಗೆ ಹಾಕಲು ಉಕ್ಕಿನ ಬಾಗಿಲು ಕಳಿಸಿದೆ. ದೊಡ್ಡ ಹೊಳೆಗಳ ಕಾಲ ಮುಗಿಯಿತು, ಬಂದಷ್ಟನ್ನು ಹಿಡಿದಿಟ್ಟು ಪಟ್ಟಣಕ್ಕೆ ಕೊಡಿ ಎಂದು ಅಪ್ಪಣೆ. ನಿನ್ನೆ ನಾವು ಹೆಂಗಸರು ತೂಬಿನೊಳಗೆ ಹೋಗಿ ಕುಳಿತೆವು, ಇನ್ನೂ ಎದ್ದಿಲ್ಲ. ಬಾಗಿಲು ತಂದಿದ್ದ ಅಧಿಕಾರಿ ಚಿದಾನಂದ ಗುಡ್ಡದ ಕಡೆಗೇ ನೋಡುತ್ತ ಬೆವತುಹೋದ. “ಅಕ್ಕಾರ, ಹೊರಗ ಬರ್ರಿ. ಹೊಳಿ ಯಾವಾಗ ಬರ್ತೈತೋ ಹೇಳಾಕ ಬರಂಗಿಲ್ಲ” ಎಂದು ಅಂಗಲಾಚಿದ. “ನಾವೂ ಅದನ್ನ ಹೇಳಾಕತ್ತೀವಲ್ಲೋ ತಮ್ಮಾ” ಎಂದೆ. ಅವನು ಪಟ್ಟಣಕ್ಕೆ ಹೊರಟುಹೋದ. ನಾಳೆ ಪೊಲೀಸರನ್ನು ಕರೆದುಕೊಂಡು ಬರುತ್ತಾನಂತೆ. ಬರಲಿ. ಅವರಿಗಿಂತ ಮೊದಲು ಹೊಳೆ ಬಂದರೆ ನಾವು ಉಳಿಯುವುದಿಲ್ಲ, ಗೊತ್ತು. ಹೆದರಿಕೆ ಇದೆ. ಎದ್ದು ಹೋಗುವಷ್ಟು ಇಲ್ಲ.

ಮಕ್ಕಳೇ, ನಿಮ್ಮ ಕಾಲಕ್ಕೂ ಯಾರಾದರೂ ಬಾಗಿಲು ಹೊತ್ತು ಬರುತ್ತಾರೆ. ಹೊರಗಿನವರೇ ಆಗಬೇಕೆಂದಿಲ್ಲ, ನಿಮ್ಮ ಮನೆಯವರೇ ತರಬಹುದು. ಹಾಕಗೊಡಬೇಡಿ. ಅಷ್ಟು ನೀರನ್ನು ಹರಿಯಲು ಬಿಟ್ಟ ಮುದುಕಿಯರಿಗೆ ತಲೆ ಕೆಟ್ಟಿತ್ತು ಎಂದು ಒಣಗಂಟಲಲ್ಲೇ ನಮ್ಮನ್ನು ಬೈಯಿರಿ. ಬೈಯಲು ನೀವು ಇರಬೇಕು, ನಮಗೆ ಅಷ್ಟೇ ಸಾಕು.