ಮಧ್ಯದ ಕ್ಯಾಬಿನ್

ಫಿಂಟಾಸ್, 14 ಮೇ 2009, ಗುರುವಾರ

ನಮ್ಮ ಆಸ್ಪತ್ರೆಯ ಫ್ರೀಡಾ ಹಡಗಿನಲ್ಲಿ ಅಲಾಸ್ಕಾ ನೋಡಲು ಹೋಗುತ್ತಾಳಂತೆ. ಹೋಗಲಿ. ಯಾವ ಕ್ಯಾಬಿನ್ ಒಳ್ಳೆಯದು ಎಂದು ಕೇಳಲು ಜಾಬ್ರಿಯಾದಿಂದ ನಮ್ಮ ಮನೆಗೇ ಬರಬೇಕಿತ್ತೇ? ನಮ್ಮ ಮದುವೆಗೆ ಮುಂಚೆ ಮೋರಿಸ್ ಅಂಥದೇ ಹಡಗಿನಲ್ಲಿ ವೇಟರ್ ಆಗಿದ್ದರೆಂದು ಅವಳಿಗೆ ಹೇಳಿದವಳು ನಾನೇ.

ಇವರಿಗೆ ಇಷ್ಟು ಮಾತು ಬರುತ್ತದೆಂದು ಗೊತ್ತಿರಲಿಲ್ಲ. ಹಿಮದ ಗೋಡೆ ಸಮುದ್ರಕ್ಕೆ ಕುಸಿಯುವ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದರು. ನನಗೆ ಒಂದು ದಿನವೂ ತೋರಿಸಿದವರಲ್ಲ. ನಾನು ಚಹಾ ಸೋಸುತ್ತಿದ್ದೆ.

"ಮೇಲಿನ ಬಾಲ್ಕನಿ ಎಲ್ಲ ಬೇಡ ಮಾರಾಯ್ತಿ. ಕೆಳಗಿನ ಡೆಕ್ಕಲ್ಲಿ ಸರೀ ಮಧ್ಯದ್ದು ತೆಗೊ. ಕಿಟಕಿ ಉಂಟು, ಅಲ್ಲಾಡುವುದು ಗೊತ್ತೇ ಆಗುವುದಿಲ್ಲ."

ಮಾರಾಯ್ತಿಯಂತೆ!

"ಅಲ್ಲಾಡಿದರೆ ನನಗೇನೂ ಆಗುವುದಿಲ್ಲಪ್ಪ," ಎಂದು ನಕ್ಕಳು. ಆದರೂ ನಮ್ಮ ಕಂಪ್ಯೂಟರಿನಲ್ಲೇ ಕೂತು ಅದನ್ನೇ ಬುಕ್ ಮಾಡಿದಳು.

ಅವಳು ಹೋದ ಮೇಲೆ ತಡೆಯಲಾಗಲಿಲ್ಲ. "ಅವಳಿಗೆ ಅದೇ ಯಾಕೆ?" ಎಂದು ಕೇಳಿಬಿಟ್ಟೆ.

"ನನಗೆ ಅದೊಂದೇ ಗೊತ್ತಿರುವುದು. ನಿನಗೆ ಅಂತ ಯಾವಾಗಲೋ ನೋಡಿ ಇಟ್ಟದ್ದು. ಫೈಲಕಾ ದ್ವೀಪಕ್ಕೆ ಹೋಗುವ ಬೋಟಲ್ಲೇ ವಾಂತಿ ಮಾಡಿದವಳಲ್ವಾ ನೀನು?"

ಈಗ ಗೊರಕೆ ಹೊಡೆಯುತ್ತಿದ್ದಾರೆ. ನನ್ನ ಕಿಟಕಿಯ ಹತ್ತಿರ ಕೂತು ಆ ಫ್ರೀಡಾ ಹಿಮ ನೋಡುತ್ತಾಳೆ.