ಹಿಲ್ಲಾದ ನೀರಿಗೊಂದು ಸಹಿ

ಹಿಲ್ಲಾ,
ಭಾನುವಾರ, 21 ಡಿಸೆಂಬರ್ 2003

ಕಣ್ಣಿನ ಬೆಳಕೇ, ಮಗಳೇ ಸುಹಾದ್,

ನಿನ್ನ ಮೇಲೂ ಮಗುವಿನ ಮೇಲೂ ಅಳಿಯ ನಿಜಾರನ ಮೇಲೂ ಅಲ್ಲಾಹನ ನೆರಳಿರಲಿ. ನಿನ್ನ ಬೆನ್ನು ನೋವು ಹೇಗಿದೆ? ಹೆರಿಗೆಯಾಗಿ ಐದು ತಿಂಗಳಾದರೂ ತೊಟ್ಟಿಲಿಗೆ ಬಗ್ಗಿ ಮಗುವನ್ನು ಎತ್ತಲಾಗುವುದಿಲ್ಲ ಎಂದಿದ್ದೆ. ಅಂದಿನಿಂದ ನನ್ನ ಬೆನ್ನೂ ಹಿಡಿದುಕೊಂಡಂತಾಗಿದೆ. ನಿನ್ನ ಅಮ್ಮ ಇದ್ದಿದ್ದರೆ ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕು ಎನ್ನುತ್ತಿದ್ದಳು, ಜೊತೆಗೆ ನನಗೂ ಎರಡು ಮಾತು ಬೈಯುತ್ತಿದ್ದಳು. ಲಿಯೋನಿನಲ್ಲಿ ಎಳ್ಳೆಣ್ಣೆ ಸಿಗುತ್ತದೆಯೋ ಇಲ್ಲವೋ. ಮಗುವಿಗೆ ಹಲ್ಲು ಬಂತೇ? ನಿನಗೆ ನಾಲ್ಕನೇ ತಿಂಗಳಿಗೇ ಬಂದಿತ್ತು, ಮೊದಲು ಕಚ್ಚಿದ್ದು ನನ್ನ ಬೆರಳನ್ನೇ. ನಾನು ಚೆನ್ನಾಗಿದ್ದೇನೆ. ಮಂಡಿ ಮೆಟ್ಟಿಲು ಹತ್ತುವಾಗ ಮಾತ್ರ ತಕರಾರು ಮಾಡುತ್ತದೆ. ಕರೆಂಟು ದಿನಕ್ಕೆ ನಾಲ್ಕು ಗಂಟೆ, ಅದೂ ಅದರ ಇಷ್ಟದ ನಾಲ್ಕು ಗಂಟೆ. ಸೀಮೆಎಣ್ಣೆ ಒಲೆಯ ಮೇಲೆ ಚಹಾ ಇಟ್ಟುಕೊಂಡು, ಅದರ ಪಕ್ಕದಲ್ಲೇ ಕುಳಿತು ಇದನ್ನು ಬರೆಯುತ್ತಿದ್ದೇನೆ. ಜೋರ್ಡಾನಿನ ಅಮ್ಮಾನಿಗೆ ಗಾಡಿ ಓಡಿಸುವವನು ನಾಳೆ ಬೆಳಿಗ್ಗೆ ಬಂದು ಒಯ್ಯುತ್ತಾನೆ.

ಬೇಸಿಗೆಯಿಂದ ನಾನು ಮತ್ತೆ ನದಿ ದಂಡೆಯ ನೀರಿನ ಸ್ಟೇಷನ್ನಿಗೆ ಹೋಗುತ್ತಿರುವುದು ನಿನಗೆ ಗೊತ್ತು. ನಿವೃತ್ತನಾಗಿ ಆರು ವರ್ಷ ದಾಳಿಂಬೆ ಗಿಡಕ್ಕೆ ಪಾತಿ ಮಾಡಿಕೊಂಡಿದ್ದವನನ್ನು ಮನೆಗೇ ಬಂದು ಕರೆದುಕೊಂಡು ಹೋದರು. ಆ ಯಂತ್ರಗಳನ್ನು ಕೂರಿಸಿದ ಕಾಲದಿಂದ ಬಲ್ಲವನು ಈಗ ನಾನೊಬ್ಬನೇ. ಮೇಲಾಗಿ ನನ್ನ ಕಾಲೇಜಿನ ಇಂಗ್ಲಿಷ್! ನಲವತ್ತೈದು ವರ್ಷದ ಹಿಂದೆ ಬಾಗ್ದಾದಿನಲ್ಲಿ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದರಲ್ಲಿ ಅರ್ಧ ಮರೆತಿದೆ. ಉಳಿದ ಅರ್ಧದಲ್ಲಿ ‘ಐ ಬೆಗ್ ಟು ಸ್ಟೇಟ್’ ಎಂದು ಶುರು ಮಾಡಿದರೆ ಗುತ್ತಿಗೆದಾರರ ಅಮೆರಿಕನ್ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ನಗಲಿ. ಪಂಪುಗಳು ಸೆಪ್ಟೆಂಬರಿನಲ್ಲೇ ಸರಿಹೋದವು. ಸರಿಹೋಗದಿರುವುದು ನೀರಿಗೆ ಕ್ಲೋರಿನ್ ಬೆರೆಸುವ ಯಂತ್ರ. ಎಪ್ಪತ್ತೊಂಬತ್ತರಲ್ಲಿ ಅದನ್ನು ಕೂರಿಸಿದ್ದು ಈಗ ನಿಜಾರ್ ದುಡಿಯುವ ಫ್ರೆಂಚ್ ಕಂಪನಿಯೇ. ಅದರ ಹೊಟ್ಟೆಯೊಳಗೆ ಚಹಾ ತಟ್ಟೆಯಷ್ಟಗಲದ ಒಂದು ರಬ್ಬರ್ ಪರದೆ ಇದೆ. ಅದು ಎದೆಗೂಡಿನಂತೆ ಉಬ್ಬಿ ತಗ್ಗಿ ಹನಿ ಹನಿಯಾಗಿ ಮದ್ದನ್ನು ನೀರಿಗೆ ತಳ್ಳುತ್ತದೆ. ಅದು ಹರಿದಿದೆ. ಗುತ್ತಿಗೆದಾರರು ಬೇರೆ ಎರಡು ದೇಶಗಳಿಂದ ಪರದೆ ತರಿಸಿದರು. ಒಂದು ಕೂರಲೇ ಇಲ್ಲ, ಇನ್ನೊಂದು ಮೂರನೇ ದಿನ ಸೀಳಿತು. “ಫ್ರಾನ್ಸಿನಿಂದ ತರಿಸಿ, ನಾಲ್ಕು ತುಂಡು ರಬ್ಬರ್” ಎಂದೆ. ಅವರ ಮ್ಯಾನೇಜರ್ ಒಂದು ಪಟ್ಟಿ ತೋರಿಸಿದ. ಯುದ್ಧಕ್ಕೆ ಅಮೆರಿಕದ ಜೊತೆ ಬಂದ ದೇಶಗಳ ಹೆಸರು ಪಟ್ಟಿಯಲ್ಲಿದೆ, ಫ್ರಾನ್ಸಿನಂತೆ ಬಾರದವರದ್ದಿಲ್ಲ. “ಇವ್ರಿಂದ ತಗೋಬೋದು, ಅವ್ರಿಂದ ಒಂದು ಮೊಳೆಯೂ ತಗೊಳ್ಳೋ ಹಾಗಿಲ್ಲ ಸಾರ್, ನನ್ನ ಕೆಲ್ಸ ಹೋಗುತ್ತೆ” ಎಂದ. ಒಳ್ಳೆಯ ಹುಡುಗ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ.

ಹಾಗಾಗಿಯೇ ಅವತ್ತು ಸ್ಯಾಟಲೈಟ್ ಫೋನಿಗೆ ಹಣ ಕೊಟ್ಟು ನಿಜಾರನಿಗೆ ಮಾಡಿದ್ದು. ನೀನು ಒಳಗೆ ಮಗುವಿಗೆ ಹಾಲು ಕೊಡುತ್ತಿದ್ದೆಯಂತೆ, ಕೇಳಿಸಿಕೊಂಡಿರಲಾರೆ. ಅವನು ಮರ್ಯಾದೆ ಬಿಡಲಿಲ್ಲ, ಆದರೆ ದನಿ ಗಟ್ಟಿಯಾಗಿತ್ತು. “ಮಾವ, ನೀವೇ ಹೇಳಿ. ನಿಮ್ಮ ಸರ್ಕಾರ ನಮ್ಮ ಕಂಪನಿಗೆ ಹದಿಮೂರು ವರ್ಷದಿಂದ ಬಾಕಿ ಇಟ್ಕೊಂಡಿದೆ. ಮೊನ್ನೆ ಅಮೆರಿಕದ ದೊಡ್ಡ ಮನುಷ್ಯ ಪ್ಯಾರಿಸ್ಸಿಗೆ ಬಂದು, ಆ ಸಾಲ ಬಿಟ್ಬಿಡಿ ಅಂತಾನೆ. ಅದೇ ವಾರ, ನಿಮಗೆ ಕೆಲ್ಸ ಇಲ್ಲ ಅಂತಾನೂ ಅಂತಾರೆ. ಬಾಕಿ ಬಿಡೋಕೆ ನಾವು ಸ್ನೇಹಿತರು, ಕೆಲ್ಸಕ್ಕೆ ಮಾತ್ರ ಪರರಾ? ಈಗ ನಾನು ಹೋಗಿ, ನಮ್ಮ ಮಾವನಿಗೆ ಅಂತ ಪರದೆ ಕೇಳಿದ್ರೆ ಆಫೀಸಲ್ಲಿ ನನ್ನ ಮುಖ ಹೇಗೆ ನೋಡ್ತಾರೆ?” ಎಂದ. ನಾನು ಸುಮ್ಮನಿರಬೇಕಿತ್ತು. “ನಾನೇನು ನಿನ್ನ ಹತ್ತಿರ ಸಾಲ ಕೇಳ್ತಾ ಇದೀನೇನಪ್ಪಾ, ರಬ್ಬರ್ ಕೇಳ್ತಾ ಇದೀನಿ. ಹುಟ್ಟಿದ ಊರನ್ನ ಇಷ್ಟು ಬೇಗ ಮರೆತ್ಯಾ?” ಎಂದುಬಿಟ್ಟೆ. ಕೊಟ್ಟ ಹಣದ ನಿಮಿಷ ಮುಗಿದು ಫೋನ್ ಕಟ್ಟಾಯಿತು. ಅವನು ಹೇಳಿದ್ದು ತಪ್ಪೇನಲ್ಲ ಎಂದು ಮನೆಗೆ ಬಂದಮೇಲೆ ಅನ್ನಿಸಿತು.

ಜೊತೆ ಬಂದವರೇನು ಸುಖವಾಗಿದ್ದಾರೆ ಎಂದುಕೊಳ್ಳಬೇಡ. ಇಲ್ಲಿ ನಮ್ಮ ಜಿಲ್ಲೆಯ ಕಾವಲು ಪೋಲೆಂಡಿನವರದ್ದು. ಸ್ಟೇಷನ್ನಿನ ಉಸ್ತುವಾರಿಗೆ ಕ್ಯಾಪ್ಟನ್ ಲೆಶೆಕ್ ಎಂಬವನಿದ್ದಾನೆ. ತನ್ನ ಊರಿನಲ್ಲಿ ಅವನೂ ನೀರಿನ ಇಂಜಿನಿಯರೇ, ಆರು ತಿಂಗಳಿಗೆ ಸೈನ್ಯಕ್ಕೆ ಕರೆದಿದ್ದಾರೆ. ಅವನ ಅಪ್ಪ ನಮ್ಮ ದೇಶದಲ್ಲಿ ರಸ್ತೆ ಹಾಕಿದವನಂತೆ. ಒಮ್ಮೆ ಪಂಪಿನ ಮನೆಯಲ್ಲಿ ಕುಳಿತು ಹೇಳಿದ: “ನಮ್ಮಪ್ಪನ ಕಂಪನಿಗೆ ನಿಮ್ಮೋರು ದುಡ್ಡು ಕೊಡ್ಲಿಲ್ಲ. ಕಂಪನಿ ಅಪ್ಪನಿಗೆ ಕೊಡ್ಲಿಲ್ಲ. ಸಾಯೋವರೆಗೂ ಇರಾಕಿನ ದುಡ್ಡು ಬರುತ್ತೆ, ಬರುತ್ತೆ ಅಂತಿದ್ದ. ಈಗ ಅದನ್ನೇ ಮನ್ನಾ ಮಾಡಿ ಅಂತಾರೆ. ಸರಿ, ಮಾಡೋಣ. ಆದ್ರೆ ಕೆಲ್ಸವೂ ನಮಗಿಲ್ಲ! ಮದುವೆ ಊಟಕ್ಕೆ ಅಂತ ಕರೆದ್ರು ಇಂಜಿನಿಯರ್ ಸಾಹೇಬ್ರೆ, ಬಂದ್ ನೋಡಿದ್ರೆ ಪಾತ್ರೆ ತೊಳೆಯೋಕೆ ಕರೆದಿದ್ದು.” ನಾನು ನಕ್ಕೆ. ಅವನು ನಗಲಿಲ್ಲ. ಗುತ್ತಿಗೆದಾರರ ಕ್ಯಾಂಟೀನಿನಲ್ಲಿ ಈಗ ಅವನು ಊಟ ಮಾಡುವುದಿಲ್ಲ, ತನ್ನ ಡಬ್ಬಿ ತಂದುಕೊಂಡು ಗಾಡಿಯಲ್ಲೇ ತಿನ್ನುತ್ತಾನೆ. ಬೇಲಿಯೊಳಗೆ ಇರುವವರೇ ಒಬ್ಬರಿಗೊಬ್ಬರು ಸಲಾಂ ಹೇಳುವುದನ್ನು ಬಿಟ್ಟಿದ್ದಾರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿನ್ನ ಅಮ್ಮ ಹೇಳುತ್ತಿದ್ದಳಲ್ಲ, ಹಾತಿಫ್ ಒಂದು ಮಾತು ಹೇಳಬೇಕಾದರೆ ಬಸ್ರಾ ಸುತ್ತಿಕೊಂಡು ಬರುತ್ತಾರೆ ಎಂದು. ಕಳೆದ ಸೋಮವಾರ ನಮ್ಮ ಮೊಹಲ್ಲೆಯ ಮುಖ್ಯಸ್ಥ ಮುತಶ್ಶರ್ ಮನೆಗೆ ಬಂದ. ಕಾಫಿ ಕೊಟ್ಟೆ. ಕೇಳಿದ್ದು ಕೊಡುತ್ತೇನೆ ಎನ್ನುವವರೆಗೆ ಕುಡಿಯುವುದಿಲ್ಲ ಎಂಬಂತೆ ಬಟ್ಟಲನ್ನು ನೆಲದ ಮೇಲೆ ಇಟ್ಟು ಕೈಕಟ್ಟಿ ಕುಳಿತ. ನಿನ್ನನ್ನು ಕೇಳಲು ಬಂದ ದಿನ ನಿಜಾರನ ತಂದೆ ಹಾಗೆಯೇ ಕುಳಿತಿದ್ದರು. ನಾನು ಬೇಕೆಂದೇ ಹತ್ತು ನಿಮಿಷ ಸತಾಯಿಸಿದ್ದೆ, ಒಳಗಿನಿಂದ ನಿನ್ನ ಅಮ್ಮ ಕೆಮ್ಮಿದ ಮೇಲಷ್ಟೇ ಕುಡಿಯಿರಿ ಎಂದಿದ್ದೆ. ಮುತಶ್ಶರನನ್ನು ಸತಾಯಿಸಲಿಲ್ಲ. “ಕುಡಿಯಪ್ಪಾ, ಕೇಳಿದ್ದು ಆಯ್ತು ಅಂತ ತಿಳ್ಕೋ” ಎಂದೆ. ಕುಡಿದು, ಎಂದಿನಂತೆ ನಿನ್ನ ಹೆಸರಿನಿಂದಲೇ ನನ್ನನ್ನು ಕರೆದು ಹೇಳಿದ: “ಅಬೂ ಸುಹಾದ್, ಕೆಲ್ಸ ಮುಗೀತು ಅಂತ ನಿನ್ನ ಸಹಿ ತಗೊಂಡು ಈ ಜನ ಹೊರಟು ಹೋಗ್ತಾರೆ. ನೀರು ಶುದ್ಧ ಆಗೋವರೆಗೂ ಸಹಿ ಹಾಕ್ಬೇಡ. ನಮ್ಮ ಬೀದೀಲಿ ಎಳೇ ಮಕ್ಕಳು ಭೇದಿಯಿಂದ ಒಣಗಿ ಕಡ್ಡಿ ಆಗಿದ್ದಾವೆ. ನನ್ನ ಮೊಮ್ಮಗಳು ಆಸ್ಪತ್ರೆಯಿಂದ ಮೊನ್ನೆ ತಾನೇ ಬಂದಿದ್ದಾಳೆ.” ಆಯಿತು ಎಂದೆ. ಅಲ್ಲಿಗೆ ನನ್ನ ಮಾತು ಒಂದು ಕಡೆ ಕಟ್ಟುಬಿತ್ತು.

ಬುಧವಾರ ಮಧ್ಯಾಹ್ನ ಕ್ಯಾಪ್ಟನ್ ಬಂದ, ಮೊದಲ ಸಲ ಮನೆಗೆ. ಬಂದೂಕು ಹಿಡಿದವರನ್ನು ಗೇಟಿನ ಹೊರಗೇ ನಿಲ್ಲಿಸಿ, ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟುಕೊಂಡು, ಹೆಣ್ಣು ಕೇಳಲು ಬಂದವನಂತೆ ಕುಳಿತ. ಚಹಾ ಕೊಟ್ಟೆ. ಮುಟ್ಟಲಿಲ್ಲ. ಹವಾಮಾನ ಮಾತನಾಡಿದ, ತನ್ನ ಮಗಳ ಚಿತ್ರ ತೋರಿಸಿದ, ಲೋಟದ ಕಡೆ ನೋಡಿದ, ಮುಟ್ಟಲಿಲ್ಲ. ಮಗಳೇ, ಅರವತ್ತೇಳು ವರ್ಷದ ಅಭ್ಯಾಸ! ಮನೆಗೆ ಬಂದವನು ಲೋಟ ಮುಟ್ಟದೆ ಕುಳಿತರೆ ನಾಲಿಗೆ ತಾನಾಗಿಯೇ ಹೊರಳುತ್ತದೆ. “ಡ್ರಿಂಕ್, ಕ್ಯಾಪ್ಟನ್. ಇಟ್ ಈಸ್ ಡನ್” ಎಂದುಬಿಟ್ಟೆ. ಅವನು ಗಾಬರಿಯಿಂದ ನೋಡಿದ. “ನಾನಿನ್ನೂ ಕೇಳೇ ಇಲ್ವಲ್ಲ?” ಎಂದ. “ನಮ್ಮಲ್ಲಿ ಹೀಗೇ. ಕುಡಿದ್ರೆ ಆಯ್ತು” ಎಂದೆ. ಒಂದೇ ಗುಟುಕಿಗೆ ಕುಡಿದು ಚೀಲದಿಂದ ಕಾಗದ ತೆಗೆದ. ಸ್ಟೇಷನ್ ಪೂರ್ಣಗೊಂಡಿದೆ, ನೀರು ಕುಡಿಯಲು ಯೋಗ್ಯವಾಗಿದೆ, ಸ್ಥಳೀಯ ಇಂಜಿನಿಯರ್ ಒಪ್ಪಿದ್ದಾರೆ, ಇಲ್ಲಿ ಸಹಿ.

ಆಮೇಲೆ ಹೇಳಿದ, ಅವನು ಚಹಾ ಮುಟ್ಟದಿದ್ದುದು ಹೊಟ್ಟೆ ಕೆಟ್ಟಿದ್ದರಿಂದಂತೆ. ಹೊರಗೆ ಏನೂ ಕುಡಿಯಬೇಡ ಎಂದು ಕ್ಯಾಂಪಿನ ಡಾಕ್ಟರ್ ಹೇಳಿದ್ದರಂತೆ. ನನ್ನ ಮಾತಿಗಾಗಿ ಕುಡಿದನಂತೆ! ಅವನ ಲೆಕ್ಕ ಇಷ್ಟು: ಈ ತಿಂಗಳೊಳಗೆ ಸ್ಟೇಷನ್ ಮುಗಿದಿದೆ ಎಂದಾದರೆ ಎರಡನೇ ಹಂತದ ಕೆಲಸ ಅವನ ದೇಶದ ಕಂಪನಿಗೆ ಸಿಗುತ್ತದೆ, ಆಗ ಹೊಸ ಕ್ಲೋರಿನ್ ಯಂತ್ರವನ್ನೇ ಕೂರಿಸುತ್ತಾರೆ, ಬೇಸಿಗೆಗೆ. ಮುಗಿಯಲಿಲ್ಲ ಎಂದಾದರೆ ಪೋಲೆಂಡಿನವರಿಗೆ ಮೇಲ್ವಿಚಾರಣೆ ಬರುವುದಿಲ್ಲ ಎಂದು ಆ ಕೆಲಸವೂ ದೊಡ್ಡ ಗುತ್ತಿಗೆದಾರನಿಗೇ ಹೋಗುತ್ತದೆ. “ಸಾಲವನ್ನೂ ಬಿಟ್ಟು, ಹುಡುಗರನ್ನೂ ಕಳಿಸಿ, ಬರಿಗೈಲಿ ಮನೆಗೆ ಹೋಗ್ಬೇಕಾ ನಾನು? ನಮ್ಮೂರಲ್ಲಿ ಏನಂತ ಹೇಳ್ಲಿ?” ಎಂದ. ಅವನ ಕಣ್ಣು ಒದ್ದೆಯಾಗಿತ್ತು. ಕೆಟ್ಟವನಾಗಿದ್ದರೆ ಬೈದು ಕಳಿಸುತ್ತಿದ್ದೆ. ನನ್ನ ಮನೆಯಲ್ಲಿ, ನನ್ನ ಬಾಯಿಂದಲೇ, ಒಂದೇ ವಾರದಲ್ಲಿ ಎರಡು ಮಾತು ಹೊರಟಿವೆ. ಒಂದನ್ನು ಉಳಿಸಿದರೆ ಇನ್ನೊಂದು ಸಾಯುತ್ತದೆ. ನಾನು ಹಾಕದಿದ್ದರೆ ಬಾಗ್ದಾದಿನಿಂದ ಯಾರನ್ನಾದರೂ ಕರೆಸಿ ಹಾಕಿಸುತ್ತಾರೆ. ಹಾಗೆ ಬಂದವನು ನೀರಿನ ವಾಸನೆಯನ್ನೂ ನೋಡುವುದಿಲ್ಲ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಸಮಾರಂಭವಂತೆ. ರಿಬ್ಬನ್ ಬಂದಿದೆ, ಕುರ್ಚಿಗಳು ಬಂದಿವೆ. ನಾನು ಏನು ಮಾಡಲಿ ಎಂದು ಕೇಳುತ್ತಿಲ್ಲ, ನೀನೇನು ಹೇಳಬಲ್ಲೆ. ಗೋಡೆಗೆ ಹೇಳುವ ಬದಲು ಮಗಳಿಗೆ ಹೇಳಿದೆ, ಅಷ್ಟೇ. ನಿಜಾರನಿಗೆ ಇದನ್ನು ಓದಿ ಹೇಳಬೇಡ. ಅವನಿಂದ ನನಗೆ ಏನೂ ಬೇಡ. ಅವನ ಮರ್ಯಾದೆ ಅವನಿಗಿರಲಿ, ನನ್ನ ಒರಟು ಮಾತನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಳ್ಳದಿರಲಿ. ಮಗುವಿನ ಎರಡೂ ಅಂಗಾಲಿಗೆ ಅಜ್ಜನ ಮುತ್ತು. ನಿನ್ನ ತಾಯಿಯ ಗೋರಿಗೆ ಶುಕ್ರವಾರ ಹೋಗಿದ್ದೆ, ನಿನ್ನ ಹೆಸರಿನಲ್ಲೂ ಫಾತಿಹಾ ಓದಿದೆ. ದೇವರು ನಿಮ್ಮ ಮನೆಯ ದೀಪ ಕಾಯಲಿ.

ಇಂತಿ, ನಿನ್ನನ್ನು ದಿನಕ್ಕೆ ಹತ್ತು ಸಲ ನೆನೆಯುವ ಅಪ್ಪ,
ಹಾತಿಫ್

ತಾ.ಕ.: ಮಗಳೇ, ಗಾಡಿಯವನು ಬೆಳಿಗ್ಗೆಯ ಬದಲು ಈಗಲೇ ಬಂದು ಹಾರ್ನ್ ಹೊಡೆಯುತ್ತಿದ್ದಾನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಸಮಾರಂಭ ಮಂಗಳವಾರವಲ್ಲ, ನಿನ್ನೆಯೇ ಆಯಿತು. ಸಹಿ ಹಾಕಿಬಿಟ್ಟೆ. ಬರೆಯುತ್ತಾ ಕುಳಿತಾಗ ಇನ್ನೆರಡು ದಿನ ಉಳಿದಿದೆ ಎಂದುಕೊಳ್ಳುವುದು ಹಿತವಾಗಿತ್ತು. ನಿನ್ನೆಯಿಂದ ಬೆಳಿಗ್ಗೆ ಸಂಜೆ ನಾನೇ ಹೋಗಿ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕಲಸಿ ತೊಟ್ಟಿಗೆ ಸುರಿಯುತ್ತಿದ್ದೇನೆ, ಯಾರಿಗೂ ಗೊತ್ತಿಲ್ಲ. ಇರುವ ಪೌಡರ್ ಜನವರಿ ಇಪ್ಪತ್ತರವರೆಗೆ ಸಾಕು. ನಿಜಾರನಿಗೆ ಎಲ್ಲವನ್ನೂ ಓದಿ ಹೇಳು, ಒಂದಕ್ಷರ ಬಿಡಬೇಡ. ಮಾವ ಕೈಮುಗಿದು ಕೇಳಿದ ಎನ್ನು. ನಾಲ್ಕು ಪರದೆ, ಹಳೆಯ ಮಾದರಿಯದು, ಯಂತ್ರದ ನಂಬರು ಲಕೋಟೆಯ ಹಿಂದೆ ಬರೆದಿದ್ದೇನೆ. ಅಮ್ಮಾನಿನಲ್ಲಿ ಈ ಗಾಡಿಯವನ ವಿಳಾಸಕ್ಕೆ ಕೊರಿಯರ್ ಮಾಡಲಿ. ನಿನ್ನೆ ಸಂಜೆ ಮುತಶ್ಶರ್ ಓಡಿಬಂದು ಎಲ್ಲರೆದುರು ನನ್ನ ಹೆಗಲಿಗೆ ಮುತ್ತಿಟ್ಟ. “ಮಾತು ಉಳಿಸ್ಕೊಂಡೆ ಕಣಯ್ಯಾ, ನೀರು ಶುದ್ಧ ಆಗಿದ್ದಕ್ಕೇ ಸಹಿ ಹಾಕ್ದೆ ಅಂತ ನಂಗೊತ್ತು” ಎಂದ. ಆಮೇಲೆ ನಲ್ಲಿ ತಿರುಗಿಸಿ, ಲೋಟ ತುಂಬಿಸಿ, ನನ್ನೆದುರೇ ಮೊಮ್ಮಗಳಿಗೆ ಕುಡಿಸಿದ.