ಮಂಚದಡಿಯ ಬೋರ್ಡು

ಜಯನಗರ, ೧೨-೮-೧೯೬೧

ಮಾನ್ಯ ಸೇತುರಾಮಯ್ಯನವರಿಗೆ ನಮಸ್ಕಾರ.

ಹೆದರಿಕೊಂಡೇ ಬರೆಯುತ್ತಿದ್ದೇನೆ. ಹುಳಿಪುಡಿ ಮಾರಲು ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಶುರುಮಾಡಿದ್ದೇನೆ. ಖರ್ಚು ಉಳಿಸಲೆಂದು, ನಿಮ್ಮನ್ನು ಕೇಳದೆ, ನಿಮ್ಮ ಈ ಬಾಡಿಗೆ ಮನೆಯನ್ನೇ ಕಚೇರಿಯೆಂದು ಸರ್ಕಾರಕ್ಕೆ ಬರೆದುಕೊಟ್ಟೆ. ಈಗ ಹೊರಗೆ ಕಂಪನಿಯ ಬೋರ್ಡು ಹಾಕಲೇಬೇಕಂತೆ. ಬರೆಸಿದ ಬೋರ್ಡು ಮೂರು ದಿನದಿಂದ ಮಂಚದಡಿ ಇದೆ. ಗೇಟು ಸದ್ದಾದರೆ ಅದನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತೇನೆ.

ದಯವಿಟ್ಟು ಒಪ್ಪಿಗೆ ಕೊಡಿ. ಮನೆ ಬಿಡಿಸಬೇಡಿ.

ಇನ್ನೊಂದು ವಿಷಯ. ಕಂಪನಿಗೆ ಇಬ್ಬರಾದರೂ ಇರಬೇಕು. ಎರಡನೆಯ ಸಹಿ ನಿಮ್ಮ ಶ್ರೀಮತಿ ಸೀತಮ್ಮನವರದು. ಪುಡಿಯ ಹದವೂ ಅವರದೇ. “ನೀನೇ ಬರೆದುಬಿಡೇ, ಅವರ ಮುಂದೆ ನಂಗೆ ಬಾಯೇ ಬರಲ್ಲ” ಅಂದರು. ಬಯ್ಯುವುದಿದ್ದರೆ ನನ್ನನ್ನು ಬಯ್ಯಿರಿ. ಈ ಪತ್ರ ಕೊಟ್ಟು ಅವರು ನಿಮ್ಮೆದುರೇ ನಿಂತಿರುತ್ತಾರೆ. ಮೊದಲು ಕೂತುಕೊಳ್ಳಲು ಹೇಳಿ.

ಇಂತಿ,
ನಿಮ್ಮ ಹಿಂಬದಿ ಮನೆಯ ವಿಶಾಲಾಕ್ಷಿ